ಕಡಲ ತಳದ ಹೊಯಿಗೆ ಯಾವ ಕಾಲದ್ದು?

ಮಂಗಳೂರಿನಲ್ಲಿ ಹೊಯಿಗೆಯ, ಅಂದರೆ ಮರಳಿನ, ಹೆಸರಲ್ಲೇ ಒಂದು ಬಜಾರಿದೆ, ಹೊಯಿಗೆ ಬಜಾರ್. ಈಗ ಅಲ್ಲಿ ಮೂಗಿಗೆ ಬಡಿಯುವುದು ಮೀನಿನ ವಾಸನೆ. ಆದರೆ ಹೊಯಿಗೆಯ ಮಾತು ಮಾತ್ರ ಊರಲ್ಲಿ ಯಾವತ್ತೂ ನಿಂತದ್ದಿಲ್ಲ. ಮನೆ ಕಟ್ಟಿಸುವ ಇಬ್ಬರು ಸಿಕ್ಕರೆ ಸಾಕು, "ಹೊಯಿಗೆ ಎಲ್ಲಿಂದ ತರಿಸಿದ್ರಿ, ಲೋಡಿಗೆ ಎಷ್ಟಾಯ್ತು?" ಅಂತಲೇ ಶುರು. ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ ಯಾವ ಹೊಳೆಯಾದರೂ ಅಷ್ಟೆ, ಮರಳು ದಿಬ್ಬ ತೆಗೆಯಲು ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮ, ಪರವಾನಗಿ, ರಾತ್ರಿ ಲಾರಿ, ಪೊಲೀಸು. ಪ್ರತಿ ವರ್ಷ ಅದೇ ಕತೆ. ಹೀಗಿರುವಾಗ ಕಡಲ ಅಡಿಯಲ್ಲಿ ಕೋಟಿಗಟ್ಟಲೆ ಟನ್ ಹೊಯಿಗೆ ಬಿದ್ದುಕೊಂಡಿದೆ ಅಂದರೆ ಯಾರ ಕಿವಿಯೂ ನೆಟ್ಟಗಾಗುತ್ತದೆ, ಅಲ್ವಾ?

ಹಾಗೆಂದು ಹೇಳಿದ್ದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ. ಜನರ ಬಾಯಲ್ಲಿ ಜಿಎಸ್ಐ. ಅದರ ಕಡಲು ಮತ್ತು ಕರಾವಳಿ ಸಮೀಕ್ಷೆಯ ವಿಭಾಗದ ಮುಖ್ಯ ಕಚೇರಿ ಇರುವುದು ಇದೇ ಮಂಗಳೂರಿನಲ್ಲಿ. ಅವರ ದೊಡ್ಡ ಹಡಗು 'ಸಮುದ್ರ ರತ್ನಾಕರ್'. ಕೇರಳದ ಕಡಲಲ್ಲಿ, ಪೊನ್ನಾನಿಯಿಂದ ಕೊಲ್ಲಂವರೆಗಿನ ಐದು ಕಡೆ ಸೇರಿ, ಕಟ್ಟಡಕ್ಕೆ ಆಗುವಂಥ ಮರಳು ಸುಮಾರು 74.5 ಕೋಟಿ ಟನ್ ಇದೆ ಎಂದು ಈ ಸಂಸ್ಥೆ ಅಂದಾಜು ಮಾಡಿದೆ. 2024ರ ನವೆಂಬರ್ 28ರಂದು ಕೇಂದ್ರ ಗಣಿ ಸಚಿವಾಲಯ ದೇಶದಲ್ಲೇ ಮೊದಲ ಬಾರಿಗೆ ಕಡಲ ಖನಿಜದ 13 ಬ್ಲಾಕುಗಳನ್ನು ಹರಾಜಿಗೆ ಇಟ್ಟಿತು. ಕೊಲ್ಲಂ ಎದುರು ಮೂರು ಮರಳಿನ ಬ್ಲಾಕು, ಗುಜರಾತಿನಲ್ಲಿ ಮೂರು ಸುಣ್ಣದ ಕೆಸರಿನವು, ಗ್ರೇಟ್ ನಿಕೋಬಾರ್ ಬಳಿಯ ಆಳದಲ್ಲಿ ಏಳು. ಕೇರಳದ ಮೀನುಗಾರರು 2025ರ ಫೆಬ್ರವರಿಯಲ್ಲಿ ಕರಾವಳಿ ಹರತಾಳ ಮಾಡಿದರು. ಮುಂದಿನ ತಿಂಗಳು ಅಲ್ಲಿನ ವಿಧಾನಸಭೆ ವಿರೋಧದ ನಿರ್ಣಯ ಮಾಡಿತು.

ಆ ಪಟ್ಟಿಯಲ್ಲಿ ಕರ್ನಾಟಕದ ಬ್ಲಾಕು ಒಂದೂ ಇರಲಿಲ್ಲ. ಹಾಗಂತ ಸುಮ್ನೆ ಕೂರುವ ವಿಷಯವೂ ಅಲ್ಲ. ಕೊಲ್ಲಂ ಎದುರಿನ ಕಡಲೂ ಉಳ್ಳಾಲದ ಎದುರಿನ ಕಡಲೂ ಒಂದೇ ಭೂಖಂಡದ ಅಂಚಿನ ಮೇಲಿವೆ. ಭೂಮಿ ತೀರದಲ್ಲಿ ಫಕ್ಕನೆ ಮುಗಿಯುವುದಿಲ್ಲ. ನೀರಿನಡಿ ಮೆಲ್ಲನೆ ಇಳಿಜಾರಾಗಿ ಸುಮಾರು 100 ಮೀಟರ್ ಚಿಲ್ಲರೆ ಆಳದವರೆಗೆ ಒಂದು ಜಗಲಿಯ ಹಾಗೆ ಚಾಚಿಕೊಂಡಿದೆ. ಆಮೇಲೆ ಸೀದಾ ಕೆಳಕ್ಕೆ. ಈ ಜಗಲಿ ಖಂಭಾತ್ ಕೊಲ್ಲಿಯ ಎದುರು 300 ಕಿ.ಮೀ.ಗಿಂತ ಜಾಸ್ತಿ ಅಗಲ, ಕೊಚ್ಚಿ ಹತ್ತಿರ 60 ಕಿ.ಮೀ. ಆಸುಪಾಸು. ನಾವು ಇವೆರಡರ ನಡುವೆ. ನಮ್ಮ ಮೀನುಗಾರಿಕೆಯ ಹೆಚ್ಚಿನ ಪಾಲು ನಡೆಯುವುದು ಈ ಜಗಲಿಯ ಮೇಲೆಯೇ.

ಜಗಲಿಯ ನೆಲ ಹೇಗಿದೆ ಅಂತ ಮಲ್ಪೆಯ ದಕ್ಕೆಯಲ್ಲಿ, ಬೋಟುಗಳು ನಿಲ್ಲುವ ಕಟ್ಟೆಯಲ್ಲಿ, ಒಬ್ಬ ಹಳೇ ತಾಂಡೇಲರನ್ನು (ಬೋಟು ನಡೆಸುವವರನ್ನು) ಕೇಳಿದ್ದೆ. ಅವರು ಬಲೆ ಹೆಣೆಯುವುದನ್ನು ನಿಲ್ಲಿಸದೆಯೇ ಹೇಳಿದರು: "ಕರೆ (ದಡ) ಹತ್ರ ಎಲ್ಲ ಕೆಸರು ಮಾರಾಯ್ರೆ. ಅಲ್ಲಿ ನಂಗ್ ಮೀನು, ಸಿಗಡಿ. ಮೂವತ್ತು ಮಾರು ದಾಟಿದ್ರೆ ಹೊಯಿಗೆ, ಚಿಪ್ಪು. ನಡುವೆ ಕಲ್ಲು ಸಿಕ್ಕಿದ್ರೆ ಬಲೆ ಹೋಯ್ತು." ಇದು ಹೇಗೆ ಗೊತ್ತಾಯಿತು ಅಂದರೆ, ಮೇಲೆ ಬಂದ ಬೋರ್ಡಿಗೆ, ಅಂದರೆ ಬಲೆಯ ಬಾಯಿ ತೆರೆದಿಡುವ ಹಲಗೆಗೆ, ಏನು ಅಂಟಿದೆ ಅಂತ ನೋಡಿಯೇ. ಒಂದು ಮಾರು ಅಂದರೆ ಎರಡೂ ಕೈ ಚಾಚಿದಷ್ಟು ಉದ್ದ, ಸುಮಾರು 1.8 ಮೀಟರ್. ಮೂವತ್ತು ಮಾರು ಅಂದರೆ 55 ಮೀಟರ್ ಆಯಿತು. ವಿಜ್ಞಾನಿಗಳ ನಕ್ಷೆಯಲ್ಲೂ ಪಶ್ಚಿಮ ಕರಾವಳಿಯ ಕೆಸರಿನ ಪಟ್ಟಿ ಮುಗಿದು ಮರಳು ಶುರುವಾಗುವುದು ಹೆಚ್ಚುಕಡಿಮೆ 50-60 ಮೀಟರ್ ಆಳದಲ್ಲೇ. ಸೋನಾರ್ ಬರುವ ಮೊದಲೇ ಬೋರ್ಡಿಗೆ ಅಂಟಿದ ಕೆಸರು ಇಷ್ಟನ್ನು ಹೇಳಿಬಿಟ್ಟಿತ್ತು.

ಮೇಲ್ನೋಟಕ್ಕೆ ಇದರಲ್ಲಿ ಒಂದು ಒಗಟಿದೆ. ಮರಳು ಭಾರ, ಕೆಸರು ಹಗುರ. ಹೊಳೆ ತಂದದ್ದರಲ್ಲಿ ಭಾರದ್ದು ತೀರದ ಹತ್ತಿರ ಬೀಳಬೇಕು, ಹಗುರದ್ದು ದೂರ ಹೋಗಬೇಕು. ಇಲ್ಲಿ ಉಲ್ಟಾ. ಕೆಸರು ಹತ್ತಿರ, ಮರಳು ದೂರ. ಈ ಒಗಟು ಬಿಡಿಸದೆ ಕಡಲ ಮರಳಿನ ಬಗ್ಗೆ ಮಾತಾಡುವುದರಲ್ಲಿ ಅರ್ಥವಿಲ್ಲ. ಬಿಡಿಸಲು ಎರಡು ಸಾಧನ ಬೇಕು: ಒಂದು ಸದ್ದು, ಇನ್ನೊಂದು ಕೊಳವೆ.

ಸದ್ದಿನದ್ದು ಮೊದಲು. ಸೋನಾರ್ ಅಂದರೆ ದೊಡ್ಡ ಮಾಯೆಯೇನಲ್ಲ. ಬೋಟಿನ ಕ್ಯಾಬಿನ್ನಿನಲ್ಲಿರುವ ಫಿಶ್ ಫೈಂಡರಿನ ದೊಡ್ಡಣ್ಣ ಅಷ್ಟೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಕೆಳಕ್ಕೆ ಬಿಟ್ಟ ಸದ್ದು 60 ಮೀಟರ್ ಆಳದ ತಳಕ್ಕೆ ಬಡಿದು ವಾಪಸ್ ಬರಲು 0.08 ಸೆಕೆಂಡು. ಸಮಯದಿಂದ ಆಳ ಗೊತ್ತಾಯಿತು. ಸದ್ದು ಎಷ್ಟು ಜೋರಾಗಿ ವಾಪಸಾಯಿತು ಅನ್ನುವುದರಿಂದ ನೆಲದ ಗುಣದ ಸುಳಿವು ಸಿಗುತ್ತದೆ. ಕಲ್ಲು, ಚಿಪ್ಪು, ದಪ್ಪ ಮರಳು ಸದ್ದನ್ನು ಗಟ್ಟಿಯಾಗಿ ಎಸೆಯುತ್ತವೆ. ಕೆಸರು ಅದನ್ನು ಅರ್ಧ ನುಂಗುತ್ತದೆ. ಮಲ್ಟಿಬೀಮ್ ಸೋನಾರಿನಲ್ಲಿ ಇಂಥ ನೂರಾರು ಕಿರಣ ಬೀಸಣಿಗೆಯ ಹಾಗೆ ಹರಡಿಕೊಂಡು, ಹಡಗು ಹೋದ ದಾರಿಯ ಎರಡೂ ಬದಿ ಅಳೆಯುತ್ತವೆ. ಆ ಬೀಸಣಿಗೆಯ ಅಗಲ ಆಳದ ಮೂರು ನಾಲ್ಕು ಪಟ್ಟು. ಹಾಗಾಗಿ ತಮಾಷೆ ನೋಡಿ, ಆಳ ಕಡಿಮೆ ಇದ್ದಷ್ಟೂ ಕೆಲಸ ಜಾಸ್ತಿ. 1000 ಮೀಟರ್ ಆಳದಲ್ಲಿ ಒಂದೇ ಓಟಕ್ಕೆ ಮೂರು ನಾಲ್ಕು ಕಿ.ಮೀ. ಅಗಲ ಮುಗಿಯುತ್ತದೆ. ಪಣಂಬೂರಿನ ಎದುರು 20 ಮೀಟರ್ ಆಳದಲ್ಲಿ ಗುಡಿಸಿದ ಹಾಗೆ ಮತ್ತೆ ಮತ್ತೆ ಹೋಗಬೇಕು, 60-80 ಮೀಟರ್ ಪಟ್ಟಿ ಪಟ್ಟಿಯಾಗಿ.

ಸದ್ದಿನ ಲೆಕ್ಕ ಕೆಡಿಸುವ ಸಂಗತಿಗಳೂ ನಮ್ಮ ಕಡಲಲ್ಲಿ ಬೇಕಾದಷ್ಟಿವೆ. ಮಳೆಗಾಲದಲ್ಲಿ ಮೇಲೆ ಹೊಳೆಯ ಸಿಹಿನೀರು, ಕೆಳಗೆ ಆಳದಿಂದ ಎದ್ದು ಬಂದ ತಣ್ಣನೆ ನೀರು. ಪದರ ಬದಲಾದ ಕೂಡಲೇ ಸದ್ದಿನ ವೇಗ ಬದಲಾಗುತ್ತದೆ, ದಾರಿ ಬಾಗುತ್ತದೆ. ಹಾಗಾಗಿ ಹಡಗು ನಡುನಡುವೆ ನಿಂತು ಮೇಲಿಂದ ಕೆಳಗಿನವರೆಗೆ ಸದ್ದಿನ ವೇಗವನ್ನೇ ಅಳೆದುಕೊಳ್ಳಬೇಕು. ಇಲ್ಲದಿದ್ದರೆ ಸಪಾಟು ನೆಲವೂ ನಕ್ಷೆಯಲ್ಲಿ ಬಾಣಲೆಯ ಹಾಗೆ ಕಾಣುತ್ತದೆ.

ಸೋನಾರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ಈ ಕರಾವಳಿಯವರಿಗೆ ಬೇರೊಂದು ರೀತಿಯಲ್ಲಿ ಗೊತ್ತಿದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯ ಸಮೇತ ಕಾಣೆಯಾಯಿತು. ತಿಂಗಳುಗಟ್ಟಲೆ ಹುಡುಕಾಟ. ಕೊನೆಗೆ 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಅದರ ಅವಶೇಷವನ್ನು ಮಾಲ್ವಣ ತೀರದಿಂದ ಸುಮಾರು 33 ಕಿ.ಮೀ. ದೂರದಲ್ಲಿ, 60 ಮೀಟರ್ ಆಳದಲ್ಲಿ ಪತ್ತೆ ಮಾಡಿತು. ಇಂಥ ಕಡೆ ಸೋನಾರಿನ ಪರದೆಯಲ್ಲಿ ಕಾಣುವುದು ಒಂದು ಆಕಾರ, ಅದರ ಹಿಂದೆ ಒಂದು ನೆರಳು. ಅದು ಬೋಟೋ ಬಂಡೆಯೋ, ಬೋಟಾದರೆ ಯಾವ ಬೋಟು ಅಂತ ಹೇಳಲು ಮುಳುಗುಗಾರರು ಕೆಳಗಿಳಿದು ಕಣ್ಣಾರೆ ನೋಡಲೇಬೇಕು. ಮರಳಿನ ವಿಷಯದಲ್ಲಿ ಆ ಮುಳುಗುಗಾರನ ಕೆಲಸ ಮಾಡುವುದು ಕೊಳವೆ.

ಅದಕ್ಕೆ ಮೊದಲು ಇನ್ನೊಂದು ಸೋನಾರಿದೆ, ನೆಲದ ಒಳಗೆ ಇಣುಕುವಂಥದ್ದು. ಹೆಸರು ಸಬ್ ಬಾಟಮ್ ಪ್ರೊಫೈಲರ್. ಇದರ ಸದ್ದಿನ ಕಂಪನ ಕಡಿಮೆ, 3.5 ಕಿಲೋಹರ್ಟ್ಸ್ ಆಸುಪಾಸು. ದಪ್ಪ ಸ್ವರ ಗೋಡೆ ದಾಟಿ ಪಕ್ಕದ ಮನೆಗೆ ಕೇಳುವ ಹಾಗೆ ಇದು ಕೆಸರಿನೊಳಗೆ ಹತ್ತಾರು ಮೀಟರ್ ಇಳಿದು, ಒಳಗಿನ ಒಂದೊಂದು ಪದರಕ್ಕೂ ಬಡಿದು ಬರುತ್ತದೆ. ಪರದೆಯಲ್ಲಿ ಪದರಗಳು ನೀರುದೋಸೆಯ ಅಟ್ಟಿಯ ಹಾಗೆ ಕಾಣುತ್ತವೆ. ನಡುವೆ ಎಲ್ಲಾದರೂ ಇಂಗ್ಲಿಷಿನ 'ವಿ' ಆಕಾರದ ತಗ್ಗು ಕಂಡರೆ ಅದು ಹೂತುಹೋದ ಹಳೇ ಹೊಳೆಯ ಪಾತ್ರ ಇರಬಹುದು. ಆದರೆ ಗಟ್ಟಿ ಮರಳು ಬಂದರೆ ಈ ಸದ್ದೂ ಸೋಲುತ್ತದೆ. ಕೆಸರಿನಲ್ಲಿ ಕೊಳೆತ ಜೀವಿಗಳಿಂದ ಹುಟ್ಟಿದ ಮೀಥೇನ್ ಇದ್ದರೂ ಅಷ್ಟೆ, ಗುಳ್ಳೆಗಳು ಸದ್ದನ್ನು ಚದುರಿಸಿ ಕೆಳಗಿನ ಚಿತ್ರಕ್ಕೆ ಪರದೆ ಎಳೆಯುತ್ತವೆ. ಪಶ್ಚಿಮ ತೀರದ ಹತ್ತಿರದ ಕೆಸರಿನಲ್ಲಿ ಇಂಥ ಗ್ಯಾಸ್ ಪದರ ಹಲವು ಕಡೆ ಸಿಕ್ಕಿದೆ.

ಇನ್ನು ಕೊಳವೆ. ಕೆಸರಿಗಾದರೆ ಗ್ರಾವಿಟಿ ಕೋರರ್. ತಲೆಯ ಮೇಲೆ ಸೀಸದ ಭಾರ, ಕೆಳಗೆ ಉಕ್ಕಿನ ಪೈಪು, ಪೈಪಿನೊಳಗೆ ಪ್ಲಾಸ್ಟಿಕ್ ಕೊಳವೆ. ಹಡಗಿನಿಂದ ಬಿಟ್ಟರೆ ತನ್ನ ಭಾರಕ್ಕೆ ತಾನೇ ಕೆಸರಿನೊಳಗೆ ಚುಚ್ಚಿಕೊಳ್ಳುತ್ತದೆ. ಇದನ್ನು ಮರಳಿನ ಮೇಲೆ ಬಿಟ್ಟರೆ ಟಣ್ ಅಂತ ಬಡಿದು ಮಗುಚಿಬೀಳುತ್ತದೆ, ಒಂದು ಮುಷ್ಟಿ ಸಿಕ್ಕಿದರೆ ಪುಣ್ಯ. ಮರಳಿಗೆ ವೈಬ್ರೋಕೋರರ್ ಬೇಕು. ಕಾಂಕ್ರೀಟ್ ಹಾಕುವಾಗ ವೈಬ್ರೇಟರ್ ಇಳಿಸಿದರೆ ಜಲ್ಲಿ ಸಡಿಲಾಗಿ ಕೂರುತ್ತದಲ್ಲ, ಅದೇ ಉಪಾಯ. ಕೊಳವೆ ನಡುಗುತ್ತಾ ಕಾಳುಗಳನ್ನು ಸಡಿಲಿಸಿಕೊಂಡು ಕೆಲವು ಮೀಟರ್ ಇಳಿಯುತ್ತದೆ.

ಕೊಳವೆಯಲ್ಲಿ ತುಂಬಿಬಂದ ಇಂಥದೊಂದು ಮಣ್ಣಿನ ಕಂಬವನ್ನು, ಅಂದರೆ ಕೋರನ್ನು, ಉದ್ದಕ್ಕೆ ಸೀಳುವುದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೆ. ತೋಳಿನಷ್ಟು ದಪ್ಪದ ಪ್ಲಾಸ್ಟಿಕ್ ಕೊಳವೆಯ ಎರಡೂ ಬದಿ ಗರಗಸದಲ್ಲಿ ಕೊಯ್ದು, ಒಳಗಿನ ಕೆಸರನ್ನು ತೆಳುವಾದ ತಂತಿ ಎಳೆದು ಎರಡು ಹೋಳು ಮಾಡಿದರು. ಮೊದಲು ಬಂದದ್ದು ವಾಸನೆ, ಕೊಳೆತ ಮೊಟ್ಟೆಯದ್ದು. ಮೇಲಿನ ಭಾಗ ಹಸಿರು ಮಿಶ್ರಿತ ಬೂದು ಬಣ್ಣ, ಬೆಣ್ಣೆಯಷ್ಟು ನುಣುಪು. ಕೆಳಕ್ಕೆ ಹೋದ ಹಾಗೆ ಗಟ್ಟಿ, ಕಪ್ಪು. ನಡುವೆ ಒಂದು ಕಡೆ ಉಗುರಿನಷ್ಟು ಚಿಪ್ಪುಗಳ ಸಾಲು. ಅದರ ಕೆಳಗೆ ಬೆರಳಿಟ್ಟರೆ ಕರಕರ, ಹೊಯಿಗೆ! ಒಂದು ಹೋಳನ್ನು ಹಾಗೆಯೇ ಸುತ್ತಿ ದಾಖಲೆಗೆ ಎತ್ತಿಟ್ಟರು. ಇನ್ನೊಂದನ್ನು ಸೆಂಟಿಮೀಟರ್ ಲೆಕ್ಕದಲ್ಲಿ ತುಂಡು ಮಾಡಿ ಪೊಟ್ಟಣ ಕಟ್ಟಿದರು. ಆಮೇಲೆ ಅದನ್ನು ನೀರಲ್ಲಿ ತೊಳೆದು ಜರಡಿ ಹಿಡಿಯುತ್ತಾರೆ. 63 ಮೈಕ್ರಾನ್ ಜರಡಿಯ ಮೇಲೆ ಉಳಿದದ್ದು ಮರಳು, ಕೆಳಗೆ ಹೋದದ್ದು ಕೆಸರು. ಮನೆ ಕಟ್ಟುವವರ ಭಾಷೆಯಲ್ಲಿ ಇದೇ "ಮಣ್ಣು ಎಷ್ಟು ಬಂದಿದೆ" ಅನ್ನುವ ಪರೀಕ್ಷೆ.

ಮರಳಿನ ಕಾಳಿನ ನಡುವೆ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪು ಸಿಗುತ್ತದೆ. ಸೂಕ್ಷ್ಮದರ್ಶಕದಡಿ ಸಣ್ಣ ಬ್ರಷ್ಷಿನಿಂದ ಒಂದೊಂದಾಗಿ ಹೆಕ್ಕಬೇಕು, ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ. ಕೆಲವು ಜಾತಿ ಅಳಿವೆಯ ಸಪ್ಪೆ ನೀರಿನವು, ಕೆಲವು ಆಳ ಕಡಲಿನವು. ಯಾವ ಪದರದಲ್ಲಿ ಯಾರಿದ್ದಾರೆ ಅಂತ ನೋಡಿದರೆ ಆ ಕಾಲಕ್ಕೆ ಅಲ್ಲಿ ಎಂಥ ನೀರಿತ್ತು ಅಂತ ತಿಳಿಯುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ಮತ್ತು ಸಂಗಡಿಗರು ಕಾರವಾರದ ಎದುರಿನ ಕೋರುಗಳಲ್ಲಿ ಈ ಚಿಪ್ಪುಗಳನ್ನು ಓದಿಯೇ ಹಳೇ ಮಳೆಗಾಲಗಳ ಏರಿಳಿತ ಹೇಳಿದ್ದರು. ಮಳೆ ಜೋರಾದರೆ ಕಾಳಿ ನದಿಯ ಸಿಹಿನೀರು ಕಡಲಿಗೆ ಜಾಸ್ತಿ ಬರುತ್ತದೆ, ಆಗ ಈ ಜೀವಿಗಳ ಲೆಕ್ಕವೂ ರೂಪವೂ ಬದಲಾಗುತ್ತವೆ.

ವಯಸ್ಸು ಹೇಳಲು ಚಿಪ್ಪಿನೊಳಗಿನ ವಿಕಿರಣಶೀಲ ಇಂಗಾಲ, ಅಂದರೆ ರೇಡಿಯೋಕಾರ್ಬನ್ ಇದೆ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕರಗಿಹೋಗಲು ಹಿಡಿಯುವ ಕಾಲ, 5,730 ವರ್ಷ. ಕಡಲ ನೀರಿನಲ್ಲೇ ಹಳೇ ಇಂಗಾಲ ಇರುವುದರಿಂದ ಸುಮಾರು 400 ವರ್ಷದ ತಿದ್ದುಪಡಿ ಮಾಡಿಕೊಳ್ಳಬೇಕು. ಇತ್ತೀಚಿನ ನೂರು ನೂರೈವತ್ತು ವರ್ಷಕ್ಕೆ ಸೀಸ-210 ಎಂಬ ವಿಕಿರಣಶೀಲ ಸೀಸ. ಅದರ ಅರ್ಧಾಯುಷ್ಯ ಬರೀ 22 ವರ್ಷ. ಕೆಸರಿನ ಮೇಲೆ ಕೆಸರು ವರ್ಷಕ್ಕೆ ಎಷ್ಟು ಕೂರುತ್ತಿದೆ ಅಂತ ಅದರಿಂದ ಗೊತ್ತಾಗುತ್ತದೆ. ಹುಳು, ಏಡಿ ಕೆದಕಿದ ಕಡೆ, ಟ್ರಾಲ್ ಬಲೆ ಉಜ್ಜಿದ ಕಡೆ ಮೇಲಿನ ಪದರ ಕಲಸಿಹೋಗಿ ಲೆಕ್ಕ ತಪ್ಪುತ್ತದೆ.

ಈಗ ಒಗಟಿಗೆ ಬರೋಣ. ಪಶ್ಚಿಮ ಕರಾವಳಿಯ ಹೊರ ಜಗಲಿಯ ಮರಳಿನಲ್ಲಿ ಸಿಕ್ಕ ಚಿಪ್ಪು, ಸುಣ್ಣದ ಕಾಳುಗಳ ವಯಸ್ಸು ಹಲವು ಕಡೆ 9,000-11,000 ವರ್ಷ ಬರುತ್ತದೆ. ಅವುಗಳಲ್ಲಿ ಎಷ್ಟೋ ತೆಳು ನೀರಿನಲ್ಲಿ ಮಾತ್ರ ಆಗುವಂಥವು. ಅಂದರೆ ಅಲ್ಲಿ ಒಂದು ಕಾಲಕ್ಕೆ ತೀರವಿತ್ತು. ಸುಮಾರು 20,000 ವರ್ಷದ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಲೋಕದ ನೀರೆಲ್ಲ ಹಿಮವಾಗಿ ಕಟ್ಟಿಕೊಂಡು ಕಡಲಿನ ಮಟ್ಟ ಈಗಿಗಿಂತ 120 ಮೀಟರ್ ಆಸುಪಾಸು ಕೆಳಗಿತ್ತು. ನಮ್ಮ ಜಗಲಿಯೆಲ್ಲ ಒಣ ನೆಲ. ಆಗ ನೇತ್ರಾವತಿಗೆ ಬೆಂಗ್ರೆಯ ಹತ್ತಿರ ಕಡಲು ಸಿಗುತ್ತಿರಲಿಲ್ಲ. ಹತ್ತಾರು ಕಿ.ಮೀ. ಪಶ್ಚಿಮಕ್ಕೆ ಹರಿಯಬೇಕಿತ್ತು. ಹಿಮ ಕರಗಿದ ಹಾಗೆ ಕಡಲು ಮೇಲೇರಿ ಒಳಗೆ ಬಂತು. ದಾರಿಯಲ್ಲಿ ಸಿಕ್ಕ ಬೀಚುಗಳನ್ನು ಅಲ್ಲಲ್ಲೇ ಮುಳುಗಿಸುತ್ತಾ ಬಂತು. ಸುಮಾರು 7,000 ವರ್ಷದಿಂದೀಚೆಗೆ ಹೆಚ್ಚುಕಡಿಮೆ ಈಗಿನ ಮಟ್ಟಕ್ಕೆ ನಿಂತಿತು. ಆಮೇಲೆ ಹೊಳೆಗಳು ತಂದ ಒರಟು ಮರಳು ಅಳಿವೆಯಲ್ಲಿ, ಬೀಚಿನಲ್ಲಿ ಉಳಿಯಿತು. ಕೆಸರು ಹತ್ತಿರದ ಕಡಲಲ್ಲಿ ಕೂತಿತು. ದೂರದ ಮರಳಿನವರೆಗೆ ಯಾವುದೂ ಹೆಚ್ಚಾಗಿ ತಲುಪಲಿಲ್ಲ.

ನನ್ನ ಪ್ರಕಾರ ಇಡೀ ಚರ್ಚೆಯ ನಟ್ಟು ಇರುವುದು ಇಲ್ಲಿ. ಹೊಳೆಯ ಮರಳಿಗೆ ಮಳೆಗಾಲ ಅಂತ ಒಂದಿದೆ. ಈ ವರ್ಷ ತೆಗೆದ ಗುಂಡಿ, ಅತಿಯಾಗದಿದ್ದರೆ, ಮುಂದಿನ ಆಷಾಢದಲ್ಲಿ ಒಂದಿಷ್ಟಾದರೂ ತುಂಬುತ್ತದೆ. 50-60 ಮೀಟರ್ ಆಳದ ಮರಳಿಗೆ ಅಂಥ ಮಳೆಗಾಲವಿಲ್ಲ. ಅದನ್ನು ಇಟ್ಟುಹೋದದ್ದು ಮುಳುಗಿಹೋದ ತೀರ. ಅದೊಂದು ಠೇವಣಿ, ಬಡ್ಡಿ ಬರುವುದಿಲ್ಲ.

ಠೇವಣಿ ಎಷ್ಟು ದಪ್ಪ ಅಂತ ಒಂದು ಒರಟು ಲೆಕ್ಕ ಹಾಕಿ ನೋಡಿ. ಕೊಲ್ಲಂನ ಮೂರು ಬ್ಲಾಕುಗಳ ವಿಸ್ತೀರ್ಣ 242 ಚದರ ಕಿ.ಮೀ., ಅಂದಾಜು ಮರಳು 30 ಕೋಟಿ ಟನ್ ಚಿಲ್ಲರೆ. ಭಾಗಿಸಿದರೆ ಒಂದು ಚದರ ಮೀಟರಿಗೆ ಒಂದೂಕಾಲು ಟನ್. ಒಂದು ಘನ ಮೀಟರ್ ಮರಳು ಸುಮಾರು 1.6 ಟನ್ ತೂಗುತ್ತದೆ. ಅಲ್ಲಿಗೆ ಸರಾಸರಿ ದಪ್ಪ ಮುಕ್ಕಾಲು ಮೀಟರಿಗಿಂತ ತುಸು ಜಾಸ್ತಿ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇದ್ದೀತು. ಆದರೆ ಸರಾಸರಿ ನನ್ನ ಸೊಂಟದವರೆಗೂ ಬರುವುದಿಲ್ಲ. ಕೋಟಿ ಟನ್ ಅಂದಾಗ ಕಣ್ಣಿಗೆ ಬರುವ ಗುಡ್ಡ ಇದಲ್ಲ. ಇದು ನೆಲಕ್ಕೆ ಹಾಸಿದ ಚಾಪೆ. ಚಾಪೆ ಸುತ್ತಿ ಎತ್ತಿದರೆ ಅದರ ಮೇಲೆ ಕೂತವರೂ ಏಳಲೇಬೇಕು.

ಇನ್ನೊಂದು, ಅಂದಾಜಿನ ಗಟ್ಟಿತನ. ಕೋರಿನ ಅಡ್ಡಳತೆ ಹತ್ತು ಸೆಂಟಿಮೀಟರ್ ಆಸುಪಾಸು. ಅದು ಸುತ್ತಲಿನ ಎಷ್ಟೋ ಎಕರೆ ನೆಲದ ಪರವಾಗಿ ಸಾಕ್ಷಿ ಹೇಳಬೇಕು. ಗಂಜಿ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತೇವೆ. ಪಾತ್ರೆ ಒಂದೇ ಆಗಿದ್ದರೆ ಸರಿ. ಸೋನಾರ್ ಹೇಳುವುದು ಅದನ್ನೇ: ಎಲ್ಲಿಯವರೆಗೆ ಒಂದೇ ಪಾತ್ರೆ, ಎಲ್ಲಿಂದ ಬೇರೆ. ಹಾಗಾಗಿ ಸಮೀಕ್ಷೆಯ ವರದಿಯಲ್ಲಿ ನೋಡಬೇಕಾದ್ದು ಒಟ್ಟು ಟನ್ನಿಗಿಂತ ಮೊದಲು ಕೋರುಗಳ ನಡುವಿನ ದೂರ.

ನಮ್ಮ ಕಡೆಯ ಮರಳಿನ ಗುಣವೂ ಬೇರೆ. ಒಟ್ಟಾರೆಯಾಗಿ ಹೊರ ಜಗಲಿಯಲ್ಲಿ ಮಂಗಳೂರಿನಿಂದ ದಕ್ಷಿಣಕ್ಕೆ ಹೊಳೆ ತಂದ ಕಲ್ಲುಮರಳಿನ ಪಾಲು ಜಾಸ್ತಿ, ಉತ್ತರಕ್ಕೆ ಹೋದ ಹಾಗೆ ಚಿಪ್ಪು, ಸುಣ್ಣದ ಪಾಲು ಜಾಸ್ತಿ. ಚಿಪ್ಪೇ ತುಂಬಿದ ಮರಳು ಕಾಂಕ್ರೀಟಿಗೆ ಹೇಳಿದ ಮಾಲಲ್ಲ. ಹೇಗೂ ಕಡಲ ಮರಳನ್ನು ಸಿಹಿನೀರಲ್ಲಿ ತೊಳೆಯದೆ ಬಳಸಿದರೆ ಉಪ್ಪಿನಂಶ ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಬೇಸಿಗೆ ಬಂದರೆ ತುಂಬೆ ಡ್ಯಾಮಿನ ನೀರಿನ ಮಟ್ಟವನ್ನು ಕೆಲವು ದಿನಕ್ಕೊಮ್ಮೆ ಪೇಪರಿನಲ್ಲಿ ಓದುವ ಊರಿನಲ್ಲಿ ಆ ನೀರು ಎಲ್ಲಿಂದ ತರುವುದು?

ಕಡಲಿನ ಮರಳು ತೆಗೆದರೆ ಉಳ್ಳಾಲದ ಕಡಲ್ಕೊರೆತ ಜಾಸ್ತಿಯಾಗುತ್ತದೆ ಅನ್ನುವ ಮಾತೂ ಕೇಳಿಬರುತ್ತದೆ. ಇದನ್ನು ಹಾಗೆಯೇ ಒಪ್ಪಲು ನಾನು ತಯಾರಿಲ್ಲ. ಬೀಚೂ ಕಡಲೂ ಮರಳನ್ನು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಹೆಚ್ಚಾಗಿ ಹತ್ತು ಮೀಟರ್ ಆಸುಪಾಸಿನ ಆಳದೊಳಗೇ ಮುಗಿಯುತ್ತದೆ. 50 ಮೀಟರ್ ಆಳದ ಮರಳು ಉಳ್ಳಾಲದ ಬೀಚಿಗೆ ನಡೆದುಬರುವುದಿಲ್ಲ. ಉಳ್ಳಾಲದ ನೋವಿಗೆ ಕಾರಣ ಹತ್ತಿರದಲ್ಲೇ ಇದೆ: ಅಳಿವೆ ಬಾಗಿಲಿನ ಕಲ್ಲಿನ ದಂಡೆಗಳು, ಹೊಳೆಯಲ್ಲೇ ಕಟ್ಟೆಯಿಂದ, ಗಣಿಯಿಂದ ತಡೆದುಹೋದ ಮರಳು. ಆದರೆ ಹತ್ತು ಹದಿನೈದು ಮೀಟರಿನಲ್ಲಿ ತೆಗೆಯುತ್ತೇವೆ ಅಂದರೆ ಆಗ ಆ ಭಯ ಪೂರಾ ನಿಜ. ದೂರದ ಮರಳಿನ ವಿಷಯದಲ್ಲಿ ಗಟ್ಟಿ ವಾದ ಮೀನಿನದ್ದು. ಹೀರುವ ಡ್ರೆಡ್ಜರಿನಿಂದ ಏಳುವ ಬಗ್ಗಡ, ತಳದ ಹುಳು ಚಿಪ್ಪುಗಳ ನಾಶ, ಅವನ್ನು ತಿನ್ನುವ ಮೀನು. ಇಲ್ಲಿ ನಮ್ಮವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಟ್ರಾಲ್ ಬೋಟುಗಳು ಇದೇ ನೆಲವನ್ನು ವರ್ಷಕ್ಕೆ ಹತ್ತು ತಿಂಗಳು ಉಜ್ಜುತ್ತವೆ. ಅದನ್ನು ಬಿಟ್ಟು ಡ್ರೆಡ್ಜರನ್ನು ಮಾತ್ರ ಬೈದರೆ ಎದುರಿನವರು ಕೇಳದೆ ಬಿಡುವುದಿಲ್ಲ. ವ್ಯತ್ಯಾಸ ಇಷ್ಟೆ: ಬಲೆ ಚಾಪೆಯನ್ನು ಗೀರುತ್ತದೆ, ಡ್ರೆಡ್ಜರ್ ಒಯ್ಯುತ್ತದೆ.

ಕಾನೂನಿನದ್ದು ಬೇಗ ಹೇಳಿಬಿಡುತ್ತೇನೆ. ತೀರದಿಂದ 12 ನಾಟಿಕಲ್ ಮೈಲಿಯೊಳಗೆ, ಅಂದರೆ ಸುಮಾರು 22 ಕಿ.ಮೀ., ಮೀನುಗಾರಿಕೆ ರಾಜ್ಯದ ಕೈಯಲ್ಲಿದೆ. ಖನಿಜ ಹಾಗಲ್ಲ. 2002ರ ಕಡಲ ಖನಿಜ ಕಾಯ್ದೆಯ ಪ್ರಕಾರ ಅದು ಕೇಂದ್ರದ್ದು. 2023ರ ತಿದ್ದುಪಡಿ ಹರಾಜನ್ನೂ 50 ವರ್ಷದ ಗುತ್ತಿಗೆಯನ್ನೂ ತಂದಿತು. ಒಂದೇ ನೀರು, ಮೇಲಿನ ಮೀನಿಗೆ ಬೆಂಗಳೂರು, ಕೆಳಗಿನ ಹೊಯಿಗೆಗೆ ದಿಲ್ಲಿ.

ಹೀಗಾಗಿ ನಮ್ಮ ಎದುರಿನ ಕಡಲಿನ ಸರದಿ ಬರುವ ಮೊದಲೇ ಕೇಳಬೇಕಾದ ಪ್ರಶ್ನೆಗಳಿವೆ. ಮರಳಿನ ದಪ್ಪ ಎಷ್ಟು, ವಯಸ್ಸು ಎಷ್ಟು, ಮೇಲೆ ಹೊಸತು ಕೂರುತ್ತಿದೆಯೋ ಇಲ್ಲವೋ. ಇವನ್ನು ಕನ್ನಡದಲ್ಲಿ ಅಚ್ಚು ಹಾಕಿ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಯಲ್ಲಿ ಹಂಚುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ತಜ್ಞರೂ ದೂರದವರಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ವಿಭಾಗವೇ ಇದೆ, ಸುರತ್ಕಲ್ಲಿನಲ್ಲಿ ಎನ್‌ಐಟಿಕೆ ಇದೆ. ದಕ್ಕೆಯವರ ಹತ್ತಿರವೂ ಕೊಡುವಂಥದ್ದಿದೆ. ಎಲ್ಲಿ ಕಲ್ಲಿಗೆ ಸಿಕ್ಕಿ ಬಲೆ ಹರಿಯಿತು ಅಂತ ಪ್ರತಿ ಬೋಟಿನ ಜಿಪಿಎಸ್‌ನಲ್ಲಿ ವರ್ಷಗಟ್ಟಲೆಯ ಗುರುತುಗಳಿವೆ. ಸಮೀಕ್ಷೆಯ ಹಡಗಿಗೆ ಇದಕ್ಕಿಂತ ಒಳ್ಳೇ ನಕ್ಷೆ ಸಿಗಲಿಕ್ಕಿಲ್ಲ.

ಆ ಗುರುತುಗಳನ್ನು ಕೊಡುತ್ತೀರಾ ಅಂತ ಅದೇ ತಾಂಡೇಲರನ್ನು ಕೇಳಿದೆ. ಬಲೆಯ ಗಂಟು ಬಿಗಿಯುತ್ತಾ ಸ್ವಲ್ಪ ಹೊತ್ತು ಯೋಚಿಸಿದರು. "ಕಲ್ಲು ಇರುವ ಜಾಗದ್ದು ಕೊಡುವಾ. ಮುರು ಮೀನು ಸಿಗುವ ಜಾಗದ್ದು ಮಾತ್ರ ಕೇಳ್ಬೇಡಿ."

ಮುರು ಮೀನು ಇರುವುದೇ ಕಲ್ಲಿನ ಸಂದಿಯಲ್ಲಿ.